ಮಂಡಕ್ಕಿ ಉಂಡೆಯ ವಿಮಾನ

ನಮ್ಮ ವಿಮಾನದ ಮೊದಲ ಹಾರಾಟ ನಾಲ್ಕೇ ಸೆಕೆಂಡು.

ಅಕ್ಕನ ಮಗ ಎರಡು ಹೆಜ್ಜೆ ಓಡಿ ಎದುರುಗಾಳಿಗೆ ಅದನ್ನು ತಳ್ಳಿಬಿಟ್ಟ. ಅದು ಮೂಗು ಎತ್ತಿತು. ಇನ್ನೂ ಎತ್ತಿತು. ನೆಟ್ಟಗೆ ಆಕಾಶ ನೋಡುತ್ತ ಒಂದು ಗಳಿಗೆ ನಿಂತು, ಹಿಂದಕ್ಕೆ ಪಲ್ಟಿ ಹೊಡೆದು, ಕೆಳಗಿನ ಬಂಡೆಗೆ ಬಡಿಯಿತು. ಟಪ್. ಮಹಡಿಯಿಂದ ಹಳೇ ಚಪ್ಪಲಿ ಬಿದ್ದ ಹಾಗೆ ಸದ್ದು.

ಅಲ್ಲೇ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜ ಎದ್ದು ನಿಂತ. "ಹೋತಲ್ಲಪ್ಪೋ ನಿಮ್ದು!"

ಇಳಿದು ಹೋಗಿ ಎತ್ತಿಕೊಂಡು ಬಂದೆವು. ಮೂಗಿನಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು. ಬೇರೆ ಏನೂ ಆಗಿರಲಿಲ್ಲ. ಆ ತಗ್ಗೂ ನಾವು ನೋಡುತ್ತಿದ್ದ ಹಾಗೇ ಅರ್ಧ ತುಂಬಿಕೊಂಡಿತು. ಅಜ್ಜ ತಾನೂ ಒಂದು ಸಲ ಬೆರಳಿಟ್ಟು ಒತ್ತಿ ನೋಡಿದ. "ಏನ್ ಹಾಕಿ ಮಾಡೀರಿ ಇದ್ನ?" ಎಂದ. ಆಗ ಅಲ್ಲಿ ಗಡಿಬಿಡಿ, ಸರಿಯಾಗಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ದಾವಣಗೆರೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಸೋಲ್ಡರಿಂಗ್ ಕೈಗೆ ಅಭ್ಯಾಸವಾಗಿದೆ, ಸಣ್ಣ ಸ್ಕ್ರೂಗಳ ಜೊತೆ ತಾಳ್ಮೆಯೂ ಇದೆ. ಹಾಗಾಗಿ ರೇಡಿಯೋ ಕಂಟ್ರೋಲ್ ವಿಮಾನದ ಹುಚ್ಚು ಹತ್ತಿದಾಗ ಎಲೆಕ್ಟ್ರಾನಿಕ್ಸ್ ಭಾಗ ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಸೋತದ್ದು ರೆಕ್ಕೆಯಲ್ಲಿ. ಎರಡು ವರ್ಷ ಥರ್ಮಾಕೋಲಿನಲ್ಲಿ ಗ್ಲೈಡರ್ ಮಾಡಿದೆ. ಗ್ಲೈಡರ್ ಅಂದರೆ ಮೋಟಾರ್ ಇಲ್ಲದ ವಿಮಾನ; ಗಾಳಿ ಎತ್ತಿದಷ್ಟೇ ಅದರ ಎತ್ತರ. ಟಿವಿ, ಫ್ರಿಜ್ಜಿನ ಡಬ್ಬದಲ್ಲಿ ಬಂದ ಥರ್ಮಾಕೋಲ್ ಪುಕ್ಕಟೆ ಸಿಗುತ್ತಿತ್ತಲ್ಲ, ಅದೇ ಆಸೆ. ಮೊದಲನೆಯದಕ್ಕೆ ಸೂಪರ್ ಗ್ಲೂ ಹಾಕಿದೆ. ಅಂಟಲಿಲ್ಲ, ತಿಂದುಹಾಕಿತು. ಹನಿ ಬಿದ್ದಲ್ಲೆಲ್ಲ ಇಲಿ ಕಡಿದ ಹಾಗೆ ತೂತು. ಆಮೇಲೆ ಬಿಳಿ ಮರದ ಗಮ್ಮಿಗೆ ಬಂದೆ. ಒಂದೊಂದು ವಿಮಾನ ಮಾಡಲು ಒಂದು ವಾರ, ಮುರಿಯಲು ಮೂರು ಸೆಕೆಂಡು. ಭಾನುವಾರ ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದಳು, "ರೀ, ಈ ಸಲ ಎಷ್ಟು ತುಂಡು?"

ತುಂಡಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಒಂದು ವಾರದ ಕೆಲಸ ಕೈಯಲ್ಲಿ ಹಿಡಿದು ನಿಂತವನಿಗೆ ಎಸೆಯಲು ಧೈರ್ಯ ಬರುವುದಿಲ್ಲ. ಎಸೆದರೂ ರಿಮೋಟಿನ ಕಡ್ಡಿ ಹಿಡಿದ ಬೆರಳು ನಡುಗುತ್ತದೆ. ನಡುಗಿದರೆ ಬೀಳುತ್ತದೆ. ಹೀಗೆ ಎರಡು ವರ್ಷದಲ್ಲಿ ನಾನು ಆಕಾಶದಲ್ಲಿ ವಿಮಾನ ನಡೆಸಿದ್ದು ಎಲ್ಲ ಕೂಡಿಸಿದರೂ ಐದು ನಿಮಿಷ ಇರಲಿಕ್ಕಿಲ್ಲ. ಐದು ನಿಮಿಷದಲ್ಲಿ ಯಾರಾದರೂ ಸೈಕಲ್ ಕಲಿಯುತ್ತಾರಾ?

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ, ಹಾಸ್ಟೆಲಿನಲ್ಲಿ ಇರುತ್ತಾನೆ. ಒಂದು ರಜೆಯಲ್ಲಿ ಗ್ಯಾರೇಜಿನಿಂದ ಕಪ್ಪು ಬಣ್ಣದ ಫೋಮ್ ತುಂಡು ಒಂದನ್ನು ತಂದ. ಗುದ್ದಿಸಿಕೊಂಡ ಕಾರಿನ ಬಂಪರ್ ಒಳಗಿನದಂತೆ. "ಮಾಮ, ಇದನ್ನ ಮುರಿ ನೋಡೋಣ" ಅಂದ. ಬಗ್ಗಿಸಿದೆ, ಬಗ್ಗಿತು, ಬಿಟ್ಟರೆ ವಾಪಸ್ ಬಂತು. ಕಾಲಡಿ ಹಾಕಿ ತುಳಿದೆ. ಸ್ವಲ್ಪ ಹೊತ್ತು ಬಿಟ್ಟು ಅದು ಮತ್ತೆ ಎದ್ದುಕೊಂಡಿತು. ಅದರ ಹೆಸರು ಇಪಿಪಿ.

ಇಪಿಪಿಯನ್ನು ಅರ್ಥ ಮಾಡಿಕೊಳ್ಳಲು ದಾವಣಗೆರೆಯವರಿಗೆ ಪುಸ್ತಕ ಬೇಡ, ಮಂಡಕ್ಕಿ ಉಂಡೆ ಸಾಕು. ನಮ್ಮ ಭಟ್ಟಿಯಲ್ಲಿ ಅಕ್ಕಿ ಬಿಸಿ ಮರಳಿಗೆ ಬಿದ್ದು ಉಬ್ಬುತ್ತೆ ಅಲ್ವಾ, ಹಾಗೆ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳನ್ನು ಉಬ್ಬಿಸಿ, ಅಚ್ಚಿನಲ್ಲಿ ತುಂಬಿ, ಹಬೆ ಕೊಟ್ಟು ಒಂದಕ್ಕೊಂದು ಅಂಟಿಸುತ್ತಾರೆ. ಥರ್ಮಾಕೋಲೂ ಹಾಗೇ, ಇಪಿಪಿಯೂ ಹಾಗೇ. ಕಾಳು ಮಾತ್ರ ಬೇರೆ. ಥರ್ಮಾಕೋಲಿನದು ಪಾಲಿಸ್ಟೈರೀನ್, ಗಡಸು. ಇಪಿಪಿಯದು ಪಾಲಿಪ್ರೊಪಿಲೀನ್, ಊಟದ ಡಬ್ಬಿ ಮಾಡುವ ಪ್ಲಾಸ್ಟಿಕ್ಕಿನ ಜಾತಿ. ಅಂದರೆ ಥರ್ಮಾಕೋಲ್ ಆಗಷ್ಟೇ ಕಟ್ಟಿದ ಗರಿಗರಿ ಉಂಡೆ, ಕೈ ಜಾರಿದರೆ ಪುಡಿ. ಇಪಿಪಿ ಡಬ್ಬದ ಮುಚ್ಚಳ ಸರಿಯಾಗಿ ಹಾಕದೆ ಮೆತ್ತಗಾದ ಉಂಡೆ. ತಿನ್ನಲು ಚೆನ್ನಾಗಿರಲ್ಲ, ಒಡೆಯಲೂ ಆಗಲ್ಲ.

ಬೆಂಗಳೂರಿನಿಂದ ಇಪಿಪಿಯ ದಪ್ಪ ಹಲಗೆ ತರಿಸಿದೆವು. ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು ಗಾತ್ರಕ್ಕೆ ಬರೀ 20 ಗ್ರಾಂ ತೂಗುವ ನಮೂನೆಯದು. ಬಾಲ ಇರುವ ವಿಮಾನದ ಯೋಚನೆಯನ್ನೇ ಬಿಟ್ಟೆವು. ಬಾಲ ಇದ್ದರೆ ಬಾಲ ಮುರಿಯುತ್ತೆ. ಬರೀ ರೆಕ್ಕೆ, ಬಾವಲಿಯ ಹಾಗೆ ಹಿಂದಕ್ಕೆ ಬಾಗಿದ್ದು. ಇದು ನಮ್ಮ ಸ್ವಂತ ಬುದ್ಧಿಯೇನಲ್ಲ. ಇಂಥ ಇಪಿಪಿ ರೆಕ್ಕೆಗಳನ್ನು ಗುಡ್ಡದ ಮೇಲೆ ಹಾರಿಸುತ್ತ ಬೇಕೆಂದೇ ಒಂದಕ್ಕೊಂದು ಗುದ್ದಿಸಿ ಬೀಳಿಸುವ ಆಟವನ್ನು ಅಮೆರಿಕದವರು 1990ರ ದಶಕದಿಂದ ಆಡುತ್ತ ಬಂದಿದ್ದಾರೆ. ಗುದ್ದಾಟಕ್ಕೆ ತಾಳುವುದು ನನ್ನ ಕೈಗೂ ತಾಳಬೇಕು ಎಂಬುದು ನನ್ನ ಲೆಕ್ಕ.

ಅಳತೆ ಹೀಗೆ: ಒಂದು ತುದಿಯಿಂದ ಇನ್ನೊಂದಕ್ಕೆ 120 ಸೆಂಟಿಮೀಟರ್. ನಡುವಿನಲ್ಲಿ ಅಗಲ 30, ತುದಿಯಲ್ಲಿ 20. ರೆಕ್ಕೆಯ ತುದಿ ಮೂಗಿಗಿಂತ 28 ಸೆಂಟಿಮೀಟರ್ ಹಿಂದೆ.

ಇನ್ನು ಕತ್ತರಿಸುವ ಕಥೆ. ಇಪಿಪಿಯನ್ನು ಬ್ಲೇಡಿನಲ್ಲಿ ರೆಕ್ಕೆಯ ಆಕಾರಕ್ಕೆ ತರಲು ಆಗುವುದಿಲ್ಲ, ಕಾಳು ಕಾಳಾಗಿ ಕಿತ್ತು ಬರುತ್ತದೆ. ಬಿಸಿ ತಂತಿಯೇ ಗತಿ. ಹೀಟರ್ ಕಾಯಿಲ್ ಸುತ್ತಿ ಕೊಡುವ ಅಂಗಡಿಯಲ್ಲಿ 26 ಗೇಜಿನ ನೈಕ್ರೋಮ್ ತಂತಿ ಎರಡು ಮೀಟರ್ ತಂದೆ. ಬಿದಿರಿನ ದಬ್ಬೆ ಬಗ್ಗಿಸಿ ಬಿಲ್ಲು ಮಾಡಿದೆ. ಇದಕ್ಕೆ ಬಿದಿರೇ ಆಗಬೇಕು. ತಂತಿ ಕಾದರೆ ಉದ್ದವಾಗಿ ಜೋಲುತ್ತದೆ. ಬಿದಿರು ಸ್ಪ್ರಿಂಗಿನ ಹಾಗೆ ಅದನ್ನು ಬಿಗಿಯಾಗಿ ಎಳೆದುಕೊಂಡೇ ಇರುತ್ತದೆ. 80 ಸೆಂಟಿಮೀಟರ್ ತಂತಿಗೆ ಹಳೇ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಹಚ್ಚಿದೆ. ಎರಡು ಆಂಪಿಯರ್ ಚಿಲ್ಲರೆ ಎಳೆಯಿತು. ಕೆಂಪಗಾಗುವಷ್ಟು ಕಾಯಬಾರದು. ಕೆಂಪಾದರೆ ಫೋಮ್ ಕತ್ತರಿಸದೆ ಕರಗಿಸುತ್ತಾ ಹೋಗುತ್ತದೆ. ಕಡಿಮೆ ಕಾದರೆ ತಂತಿಯ ತುದಿ ಮುಂದೆ, ನಡು ಹಿಂದೆ ಆಗಿ ರೆಕ್ಕೆಗೆ ಹೊಟ್ಟೆ ಬರುತ್ತದೆ.

ತಂತಿ ಯಾವ ದಾರಿಯಲ್ಲಿ ಹೋಗಬೇಕು ಎಂದು ತೋರಿಸಲು ಹಲಗೆಯ ಎರಡೂ ಕಡೆ ಅಚ್ಚು ಬೇಕು. ಬಡಗಿ ಬಿಸಾಡಿದ ಸನ್‌ಮೈಕಾ ತುಂಡಿನಲ್ಲಿ ರೆಕ್ಕೆಯ ಅಡ್ಡ ಆಕಾರ ಕೊರೆದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿದೆ. ಅಂಚಿನಲ್ಲಿ ಒಂದು ಸಣ್ಣ ಗಂಟಿದ್ದರೂ ತಂತಿ ಅಲ್ಲಿ ತಡೆದು ನಿಲ್ಲುತ್ತದೆ, ನಿಂತಲ್ಲಿ ಫೋಮಿನಲ್ಲಿ ಗೆರೆ ಬೀಳುತ್ತದೆ. ಒಂದು ಅಚ್ಚು 30 ಸೆಂಟಿಮೀಟರ್, ಇನ್ನೊಂದು 20. ಎರಡೂ ತುದಿ ಒಟ್ಟಿಗೆ ಹೊರಟು ಒಟ್ಟಿಗೆ ಮುಟ್ಟಬೇಕು. ಅಂದರೆ ದೊಡ್ಡ ಅಚ್ಚಿನ ಕಡೆಯವರು ಬೇಗ, ಸಣ್ಣದರ ಕಡೆಯವರು ನಿಧಾನ. ಅದಕ್ಕೆ ಎರಡೂ ಅಚ್ಚಿನ ಮೇಲೆ ಹತ್ತು ಗುರುತು ಹಾಕಿ ನಂಬರ್ ಬರೆಯುತ್ತಾರೆ. ಒಬ್ಬರು "ಒಂದು" ಅಂದಾಗ ಇಬ್ಬರೂ ಒಂದರ ಮೇಲೆ ಇರಬೇಕು.

ಇಬ್ಬರು ಬೇಕಲ್ಲ. ಹುಡುಗ ಹಾಸ್ಟೆಲಿಗೆ ಹೋಗಿಯಾಗಿತ್ತು. ಹೆಂಡತಿಯನ್ನು ಕರೆದೆ. ಹೊಗೆ ಒಳಗೆ ಬೇಡ ಎಂದು ಮಹಡಿಯ ಮೇಲೆ, ಬೆಳಗ್ಗೆ ಆರಕ್ಕೇ ಶುರು ಮಾಡಿದೆವು. ಆರು ಯಾಕೆಂದರೆ ಗಾಳಿ ಎದ್ದ ಮೇಲೆ ತಂತಿ ತಣ್ಣಗಾಗುತ್ತದೆ. ಇದು ನನಗೆ ಮೊದಲೇ ಗೊತ್ತಿರಲಿಲ್ಲ, ಒಂದು ತುಂಡು ಹಾಳು ಮಾಡಿ ತಿಳಿದದ್ದು. "ಒಂದು... ಎರಡು... ಮೂರು..." ಚೆನ್ನಾಗಿಯೇ ಹೋಗುತ್ತಿತ್ತು. ಐದು ದಾಟುವಾಗ ಕೆಳಗೆ ಕುಕ್ಕರ್ ಕೂಗಿತು. ಅವಳ ಬಾಯಿಂದ ತಾನಾಗೇ "ಎರಡು" ಅಂತ ಬಂತು. ಬೇಳೆಯ ಲೆಕ್ಕ. ನಾನು ಆರಕ್ಕೆ ಹೋಗಿದ್ದೆ, ಅವಳು ಗಲಿಬಿಲಿಯಾಗಿ ಐದರಲ್ಲೇ ನಿಂತಳು. ರೆಕ್ಕೆಯ ಮೇಲೆ ಅಡ್ಡಲಾಗಿ ಒಂದು ಅಲೆ. ಯಾರ ತಪ್ಪು ಎಂದು ಅರ್ಧ ಗಂಟೆ ಮಾತಾಡಿದೆವು. ಅದು ನಿಮಗೆ ಬೇಡ.

ಮರುದಿನ ಕುಕ್ಕರ್ ಇಡದೆ ಕತ್ತರಿಸಿದೆವು. ಎರಡೂ ರೆಕ್ಕೆ ಸರಿಯಾಗಿ ಬಂದವು. ಬಿಸಿ ತಂತಿ ಹೋದ ಮೇಲೆ ಇಪಿಪಿಯ ಮೈಮೇಲೆ ಜೇಡರ ಬಲೆಯಂಥ ಎಳೆಗಳು ನಿಲ್ಲುತ್ತವೆ, ಕೈಯಲ್ಲಿ ಸವರಿದರೆ ಹೋಗುತ್ತವೆ. ರೆಕ್ಕೆ ತೆಗೆದ ಮೇಲೆ ಉಳಿದ ಮೇಲಿನ, ಕೆಳಗಿನ ಸಿಪ್ಪೆಯನ್ನು ಬಿಸಾಡಬೇಡಿ. ಮುಂದೆ ಗಮ್ ಒಣಗುವವರೆಗೆ ರೆಕ್ಕೆಯನ್ನು ಮಲಗಿಸಲು ಅದಕ್ಕಿಂತ ಒಳ್ಳೆಯ ತೊಟ್ಟಿಲು ಇಲ್ಲ.

ಎರಡು ಅರ್ಧಗಳನ್ನು ಕೂಡಿಸಿದ್ದು ಚಪ್ಪಲಿ ರಿಪೇರಿಯವರು ಹಚ್ಚುವ ಹಳದಿ ಗಮ್ಮಿನಿಂದ. ಥರ್ಮಾಕೋಲಿಗೆ ಹಚ್ಚಿದರೆ ಅದು ಕರಗಿ ನೀರು. ಇಪಿಪಿಗೆ ಏನೂ ಆಗಲ್ಲ. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಒತ್ತಿದ ಮೇಲೆ ಸರಿಸಲು ಆಗುವುದಿಲ್ಲ. ಒಂದೇ ಚಾನ್ಸ್.

ಬರೀ ಇಪಿಪಿ ಮುರಿಯಲ್ಲ ನಿಜ, ಆದರೆ ನೆಟ್ಟಗೆ ನಿಲ್ಲುವುದೂ ಇಲ್ಲ. ತುದಿ ಹಿಡಿದು ಅಲ್ಲಾಡಿಸಿದರೆ ಹಸಿ ಬಾಳೆ ಎಲೆಯ ಹಾಗೆ ತೊನೆಯುತ್ತದೆ. ಅದಕ್ಕೆ ಬೆನ್ನೆಲುಬು ಬೇಕು. 6 ಮಿಲಿಮೀಟರಿನ ಕಾರ್ಬನ್ ಕೊಳವೆ, 70 ಸೆಂಟಿಮೀಟರ್ ಉದ್ದದ್ದು, ಹೊಟ್ಟೆಯ ಕಡೆ ಸೋಲ್ಡರಿಂಗ್ ಐರನ್ನಿನಲ್ಲಿ ಕಾಲುವೆ ಕೊರೆದು ಕೂರಿಸಿದೆ. ಆಮೇಲೆ ಟೇಪು. ಒಳಗೆ ಗಾಜಿನ ನೂಲಿರುವ ಪ್ಯಾಕಿಂಗ್ ಟೇಪ್ ಸಿಗುತ್ತದೆ, ಕೈಯಲ್ಲಿ ಹರಿಯಲು ಸಾಧ್ಯವೇ ಇಲ್ಲದ್ದು. ಅದನ್ನು ರೆಕ್ಕೆಯ ಉದ್ದಕ್ಕೆ ಮೇಲೊಂದು ಕೆಳಗೊಂದು, ಆಮೇಲೆ ಗುಣಾಕಾರದ ಗುರುತಿನ ಹಾಗೆ ಅಡ್ಡಡ್ಡ, ಕೊನೆಗೆ ಮೂಗಿಗೆ ಮೂರು ಸುತ್ತು. ಇಪಿಪಿಗೆ ಟೇಪ್ ಸುಮ್ನೆ ಹಚ್ಚಿದರೆ ಎರಡು ದಿನದಲ್ಲಿ ಏಳುತ್ತದೆ. ಮೊದಲು ಸ್ಪ್ರೇ ಗಮ್ ಹೊಡೆದು, ಒಂದು ನಿಮಿಷ ಬಿಟ್ಟು, ಆಮೇಲೆ ಟೇಪ್.

ಅದರ ಮೇಲೆ ಲ್ಯಾಮಿನೇಷನ್ ಫಿಲಂ. ಐಡಿ ಕಾರ್ಡಿಗೆ ಹಾಕುತ್ತಾರಲ್ಲ, ಅದೇ ಜಾತಿಯ ತೆಳು ಫಿಲಂ, ರೋಲಿನಲ್ಲಿ ಬರುವುದು. ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಿದರೆ ಅಂಟುತ್ತದೆ, ಬಿಗಿಯೂ ಆಗುತ್ತದೆ. ಇಲ್ಲಿ ನಾನು ಎಡವಿದೆ. ಮೇಲ್ಭಾಗ ಪೂರ್ತಿ ಮುಗಿಸಿ ಆಮೇಲೆ ಕೆಳಗಿನದು ಮಾಡೋಣ ಎಂದುಕೊಂಡೆ. ಫಿಲಂ ಬಿಗಿದುಕೊಂಡಿತು, ಬಲ ರೆಕ್ಕೆ ಹಪ್ಪಳ ಸುಟ್ಟ ಹಾಗೆ ಮೇಲಕ್ಕೆ ತಿರುಚಿಕೊಂಡಿತು. ಒಂದು ಗೇಣು ಮೇಲೆ ಹಚ್ಚಿದರೆ ತಿರುಗಿಸಿ ಒಂದು ಗೇಣು ಕೆಳಗೆ ಹಚ್ಚಬೇಕಿತ್ತು. ಕಿತ್ತು ಮತ್ತೆ ಮಾಡಿದೆ. ಆಮೇಲೆ ಅಡುಗೆಮನೆಯ ಕಡಪ ಕಲ್ಲಿನ ಮೇಲೆ, ಅದರದೇ ಸಿಪ್ಪೆಯ ನಡುವೆ ಮಲಗಿಸಿ, ಮೇಲೆ ಇನ್ವರ್ಟರ್ ಬ್ಯಾಟರಿ ಹೇರಿ ಒಂದು ರಾತ್ರಿ ಬಿಟ್ಟೆ. ಇಸ್ತ್ರಿ ಪೆಟ್ಟಿಗೆಗೆ ಅಂಟಿದ್ದ ಗಮ್ ಮಾರನೇ ದಿನ ನನ್ನದೇ ಬಿಳಿ ಅಂಗಿಗೆ ಬಂತು. ಆ ವಿಷಯದಲ್ಲಿ ಮನೆಯಲ್ಲಿ ಯಾರೂ ನನಗೆ ಅನುಕಂಪ ತೋರಿಸಲಿಲ್ಲ.

ರೆಕ್ಕೆಯ ತುದಿಗಳಲ್ಲಿ ನಿಂತಿರುವ ಕಿವಿಗಳಂಥ ಹಲಗೆ ಬೇಕು, ಇಲ್ಲದಿದ್ದರೆ ಬಾಲವಿಲ್ಲದ ವಿಮಾನ ಅತ್ತಿತ್ತ ಹೊಯ್ದಾಡುತ್ತದೆ. ಅದಕ್ಕೆ ಸನ್‌ಪ್ಯಾಕ್ ಬೋರ್ಡ್ ಬಳಸಿದೆ. ಜಾಹೀರಾತು ಹಾಕಿ ಕಂಬಕ್ಕೆ ಕಟ್ಟುತ್ತಾರಲ್ಲ, ಆ ಪ್ಲಾಸ್ಟಿಕ್ ಹಲಗೆ. ಮಳೆಗೆ ಬಿದ್ದಿದ್ದ ಒಂದು ಟ್ಯೂಷನ್ ಬೋರ್ಡ್ ಸಿಕ್ಕಿತ್ತು. ಹಾಗಾಗಿ ನಮ್ಮ ವಿಮಾನದ ಎಡಗಿವಿಯ ಮೇಲೆ "ಶೇ. 100" ಎಂದಿದೆ, ಬಲಗಿವಿಯ ಮೇಲೆ "ಫಲಿತಾಂಶ" ಎಂದಿದೆ.

ಹಿಂದಿನ ಅಂಚಿಗೆ ಬಾಲ್ಸಾ ಎಂಬ ಹಗುರ ಮರದ ಪಟ್ಟಿಗಳು, ಎಡಕ್ಕೊಂದು ಬಲಕ್ಕೊಂದು, ಟೇಪನ್ನೇ ಬಾಗಿಲಿನ ಹಿಂಜಿನ ಹಾಗೆ ಹಚ್ಚಿ ಕೂರಿಸಿದವು. ಇವಕ್ಕೆ ಎಲೆವಾನ್ ಎನ್ನುತ್ತಾರೆ. ಎರಡೂ ಒಟ್ಟಿಗೆ ಎದ್ದರೆ ವಿಮಾನ ಮೂಗೆತ್ತುತ್ತದೆ, ಒಂದು ಎದ್ದು ಇನ್ನೊಂದು ಇಳಿದರೆ ಹೊರಳುತ್ತದೆ. ಎರಡು ಕೆಲಸವನ್ನೂ ಅದೇ ಜೋಡಿ ಮಾಡುವುದರಿಂದ ರಿಮೋಟಿನಲ್ಲಿ ಮಿಕ್ಸಿಂಗ್, ಅಂದರೆ ಎರಡು ಆಜ್ಞೆಯನ್ನೂ ಕೂಡಿಸಿ ಕಳಿಸುವ ಸೆಟ್ಟಿಂಗ್, ಹಾಕಬೇಕು. ಪರೀಕ್ಷೆ ಸುಲಭ: ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲ ಎಲೆವಾನ್ ಮೇಲೇಳಬೇಕು. ನಿಮ್ಮ ಕಡೆ ಎಳೆದುಕೊಂಡರೆ ಎರಡೂ ಏಳಬೇಕು. ಪ್ರತಿ ಸಲ ಎಸೆಯುವ ಮೊದಲು ನೋಡಿ. ಇನ್ನೊಂದು ಗುಟ್ಟು: ಬಾಲವಿಲ್ಲದ ರೆಕ್ಕೆಯಲ್ಲಿ ಕಡ್ಡಿ ಮುಟ್ಟದಿದ್ದಾಗಲೂ ಎಲೆವಾನ್ ಎರಡೂ 3 ಮಿಲಿಮೀಟರಿನಷ್ಟು ಮೇಲಕ್ಕೇ ನಿಂತಿರಬೇಕು. ಸಪಾಟಾಗಿಟ್ಟರೆ ಮೂಗು ನೆಲ ಹುಡುಕುತ್ತದೆ.

ಒಳಗಿನ ಸಾಮಾನು ಕಡಿಮೆ. ಎಲೆವಾನ್ ಎತ್ತಿಳಿಸುವ ಪುಟ್ಟ ಯಂತ್ರ, ಅಂದರೆ ಸರ್ವೋ, ಎರಡು; ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಒಂದು; ನಾಲ್ಕು ರೀಚಾರ್ಜ್ ಸೆಲ್. ಫೋಮಿನಲ್ಲಿ ಗುಂಡಿ ತೋಡಿ ಹುಗಿದು ಮೇಲೆ ಟೇಪ್. ಎಲ್ಲ ಮುಗಿಸಿ ತೂಗಿದರೆ 600 ಗ್ರಾಂ. ಅದರಲ್ಲಿ ಫೋಮ್ 120 ಗ್ರಾಂ ಮಾತ್ರ. ಟೇಪು, ಫಿಲಂ, ಗಮ್ ಸೇರಿ ಅದಕ್ಕಿಂತ ಜಾಸ್ತಿ! ಟೇಪ್ ಹಚ್ಚುವಾಗ "ಇನ್ನೊಂದು ಸುತ್ತು ಇರಲಿ" ಅನ್ನಿಸುತ್ತದೆ. ಆ ಆಸೆಗೆ ಬಿದ್ದರೆ ವಿಮಾನ ಗಟ್ಟಿಯಾಗುವುದಿಲ್ಲ, ಭಾರವಾಗುತ್ತದೆ. ಭಾರವಾದದ್ದು ಜೋರಾಗಿ ಹಾರುತ್ತದೆ, ಜೋರಾಗಿ ಬೀಳುತ್ತದೆ.

ಹಾರಿಸಲು ಜಾಗ ಎಂದರೆ ಚಿತ್ರದುರ್ಗದ ಕಡೆಯ ಒಂದು ಬೋಳು ಗುಡ್ಡ. ಹೆಸರು ಹೇಳುವುದಿಲ್ಲ, ಅಜ್ಜನ ಕುರಿಗಳಿಗೆ ತೊಂದರೆ. ಆ ಸೀಮೆಯ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಯಾವ ಗಾಳಿಯನ್ನು ನಂಬಿ ಅವನ್ನು ನಿಲ್ಲಿಸಿದ್ದಾರೋ ಅದೇ ಗಾಳಿ ನಮಗೂ ಬೇಕು. ಮುಂಗಾರಿನ ದಿನಗಳಲ್ಲಿ ಪಡುವಣದಿಂದ ಒಂದೇ ಸಮ ಬೀಸುವ ಆಷಾಢದ ಗಾಳಿ. ಯಂತ್ರಗಳಿಂದ ಮಾತ್ರ ದೂರ ಇರಬೇಕು. ನಮ್ಮದು ಪಡುವಣಕ್ಕೆ ಮುಖ ಮಾಡಿದ, ಸುತ್ತ ಏನೂ ಇಲ್ಲದ ಒಂಟಿ ಗುಡ್ಡ. ಡ್ರೋನಿನಂಥವನ್ನು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹುಡುಗ ನೋಡಿ, ಅನುಮತಿ ಬೇಡದ ಹಸಿರು ವಲಯ ಎಂದು ಖಚಿತ ಮಾಡಿಕೊಂಡ. ಅಲ್ಲಿ 400 ಅಡಿಯೊಳಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ನನ್ನ ಕಣ್ಣಿಗೆ 400 ಅಡಿಯೇ ದೂರ.

ಮೋಟಾರಿಲ್ಲದ್ದು ಮೇಲೆ ಹೇಗೆ ನಿಲ್ಲುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಗಾಳಿ ಬಂದು ಗುಡ್ಡಕ್ಕೆ ಹಾಯುತ್ತದೆ. ಒಳಗೆ ತೂರಲು ಆಗುವುದಿಲ್ಲ, ಹಾಗಾಗಿ ಇಳಿಜಾರಿನ ಗುಂಟ ಮೇಲಕ್ಕೆ ಹತ್ತುತ್ತದೆ. ಗಾಳಿಯ ವೇಗ ಗಂಟೆಗೆ 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ 7 ಮೀಟರ್. ಇಳಿಜಾರು 30 ಡಿಗ್ರಿ ಇದ್ದರೆ ಅದರಲ್ಲಿ ಅರ್ಧದಷ್ಟು, ಅಂದರೆ ಮೂರೂವರೆ ಮೀಟರ್, ಮೇಲ್ಮುಖ. ನಮ್ಮ ರೆಕ್ಕೆ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ಮೀಟರ್ ಇಳಿಯುತ್ತದೆ. ಇಳಿಯುವುದು ಒಂದು, ಏರಿಸುವುದು ಮೂರೂವರೆ. ಎಸ್ಕಲೇಟರ್ ಮೇಲಕ್ಕೆ ಹೋಗುತ್ತಿರುವಾಗ ಅದರ ಮೇಲೆ ನಿಧಾನ ಕೆಳಗಿಳಿದ ಹಾಗೆ.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದವನು ಮೊದಲ ಎಸೆತದಲ್ಲಿ ನಾಲ್ಕು ಸೆಕೆಂಡಿಗೆ ಬೀಳಿಸಿದ್ದು ಯಾಕೆ? ಚಿಕ್ಕಂದಿನಲ್ಲಿ ಪಟ ಹಾರಿಸಿದವರಿಗೆ ಹೇಳಿದರೆ ಒಂದೇ ಮಾತಿಗೆ ತಿಳಿಯುತ್ತದೆ. ಸೂತ್ರ ತಪ್ಪಿತ್ತು. ಪಟಕ್ಕೆ ಸೂತ್ರ ಅರ್ಧ ಬೆರಳು ಮೇಲೆ ಕೆಳಗೆ ಆದರೆ ಅದು ಏಳುವುದೇ ಇಲ್ಲ, ಇಲ್ಲವೇ ಗಿರಕಿ ಹೊಡೆಯುತ್ತದೆ. ವಿಮಾನಕ್ಕೆ ಸೂತ್ರ ಅಂದರೆ ತೂಕ ತೂಗುವ ಜಾಗ. ಪಟಕ್ಕಾದರೆ ಬಾಲಂಗೋಚಿ ಉದ್ದ ಮಾಡಿ ಸಂಭಾಳಿಸಬಹುದು. ನಮ್ಮದಕ್ಕೆ ಬಾಲವೇ ಇಲ್ಲ.

ನಾನು ಬ್ಯಾಟರಿಯನ್ನು ಕಾರ್ಬನ್ ಕೊಳವೆಯ ಹತ್ತಿರ ಇಟ್ಟಿದ್ದೆ, ಅಲ್ಲಿ ಫೋಮ್ ದಪ್ಪ, ಗುಂಡಿ ತೋಡಲು ಸಲೀಸು ಎಂದು. ಸುಮ್ನೆ ಅಂದಾಜು. ಎರಡು ಬೆರಳ ಮೇಲೆ ಎತ್ತಿ ನೋಡಿದರೆ ಮೂಗಿನಿಂದ ಹತ್ತೊಂಬತ್ತೂವರೆ ಸೆಂಟಿಮೀಟರ್ ಹಿಂದೆ ಸಮ ತೂಗುತ್ತಿತ್ತು. ಹುಡುಗ ಬಂಡೆಯ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದ. ರೆಕ್ಕೆ ಹಿಂದಕ್ಕೆ ಬಾಗಿದೆ, ಅಗಲ ಕಡಿಮೆಯಾಗುತ್ತ ಹೋಗುತ್ತದೆ, ಹಾಗಾಗಿ ಸರಾಸರಿ ಅಗಲ ತೆಗೆದು ಅದರ ಕಾಲು ಭಾಗ ಎಲ್ಲಿ ಬರುತ್ತದೆ ನೋಡಬೇಕು. ಅದು ಬಂದದ್ದು 19.4ಕ್ಕೆ. ತೂಕ ಅದಕ್ಕಿಂತ ಮುಂದೆ ಇದ್ದರೆ ಮಾತ್ರ ವಿಮಾನ ತಾನಾಗಿ ನೆಟ್ಟಗಾಗುತ್ತದೆ. "ಮಾಮ, ಹದಿನೇಳೂವರೆಗೆ ತರಬೇಕು. ಎರಡು ಸೆಂಟಿಮೀಟರ್" ಎಂದ. "ಎರಡೇ?" ಎಂದೆ. "ಆ ಎರಡಕ್ಕೇ ಅದು ಪಲ್ಟಿ ಹೊಡೆದದ್ದು."

ಬ್ಯಾಟರಿ 110 ಗ್ರಾಂ. ಅದನ್ನು 11 ಸೆಂಟಿಮೀಟರ್ ಮುಂದೆ ತಂದರೆ ಲೆಕ್ಕ ಸರಿಹೋಗುತ್ತದೆ. ಅಲ್ಲೇ ಗುಡ್ಡದ ಮೇಲೆ ಕಟರ್ ಬ್ಲೇಡಿನಲ್ಲಿ ಮೂಗಿನ ಹತ್ತಿರ ಹೊಸ ಗುಂಡಿ ತೋಡಿದೆವು. ತೆಗೆದ ಫೋಮಿನಿಂದ ಹಳೇ ಗುಂಡಿ ಮುಚ್ಚಿದೆವು. ಮೇಲೆ ಟೇಪ್. ಹತ್ತು ನಿಮಿಷದ ಕೆಲಸ. ಥರ್ಮಾಕೋಲ್ ಆಗಿದ್ದರೆ ಆ ಹೊತ್ತಿಗೆ ನಾವು ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು, ಬಸ್ಸಿಗೆ ಕಾಯುತ್ತ, ಯಾಕೆ ಬಿತ್ತು ಎಂದು ವಾದ ಮಾಡುತ್ತಿದ್ದೆವು. ಬಿದ್ದ ಕಾರಣ ಅಲ್ಲೇ ಹುಡುಕಿ, ಅಲ್ಲೇ ಸರಿಮಾಡಿ, ಅದೇ ಗಾಳಿಗೆ ಮತ್ತೆ ಎಸೆಯಲು ಸಿಕ್ಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಎರಡನೇ ಎಸೆತ. ಕೈಬಿಟ್ಟ ಕೂಡಲೇ ಸ್ವಲ್ಪ ತಗ್ಗಿತು, ನನ್ನ ಹೊಟ್ಟೆಯೂ ತಗ್ಗಿತು. ಆಮೇಲೆ ಯಾರೋ ಕೆಳಗಿನಿಂದ ಅಂಗೈ ಕೊಟ್ಟ ಹಾಗೆ ಮೆಲ್ಲಗೆ ಏರತೊಡಗಿತು. ಸದ್ದೇ ಇಲ್ಲ. ಫಿಲಂ ಮೇಲೆ ಗಾಳಿ ಉಜ್ಜುವ ಸಣ್ಣ ಸಿಳ್ಳೆ ಅಷ್ಟೆ. ನಲವತ್ತು ಸೆಕೆಂಡ್ ಹಾರಿಸಿದೆ. ಆಮೇಲೆ ಗುಡ್ಡದ ಕಡೆ ತಿರುಗಿಸಿದೆ. ತಿರುಗಿಸಬಾರದಿತ್ತು. ಬೆನ್ನ ಹಿಂದೆ ಗಾಳಿ ಸಿಕ್ಕ ಕೂಡಲೇ ಅದು ಕವಣೆ ಕಲ್ಲಿನ ಹಾಗೆ ಬಂದು ನಮ್ಮ ಕಾಲ ಕೆಳಗಿನ ಮಣ್ಣಿಗೆ ನುಗ್ಗಿತು. ಒರೆಸಿದೆವು, ಎಸೆದೆವು.

ಆ ಸಂಜೆ ಒಟ್ಟು ಹನ್ನೊಂದು ಸಲ ಬಿತ್ತು. ಹನ್ನೊಂದು ಸಲವೂ ಬೇರೆ ಬೇರೆ ತಪ್ಪು ಎಂದು ಹೇಳಿಕೊಳ್ಳಲು ಇಷ್ಟ, ಆದರೆ ನಾಲ್ಕು ಸಲ ಒಂದೇ ತಪ್ಪು. ವಿಮಾನ ನಮ್ಮ ಕಡೆಗೇ ಬರುವಾಗ ಎಡಬಲ ಅದಲು ಬದಲಾಗುತ್ತದೆ. ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಹುಡುಗ ಒಂದು ಉಪಾಯ ಹೇಳಿಕೊಟ್ಟ: ಎದುರು ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಕಡ್ಡಿ ತಳ್ಳು, ವಾಲಿದ ಕಂಬಕ್ಕೆ ಊರೆ ಕೊಟ್ಟ ಹಾಗೆ. ಇದು ಕೆಲಸ ಮಾಡಿತು. ತಿರುವು ಯಾವಾಗಲೂ ಕಣಿವೆಯ ಕಡೆಗೆ, ಗುಡ್ಡದ ಉದ್ದಕ್ಕೆ ಮಲಗಿದ ಎಂಟರ ಅಂಕಿ ಬರೆದ ಹಾಗೆ. ಗುಡ್ಡದ ಬೆನ್ನಿಗೆ ಹೋಗಲೇಬಾರದು. ಅಲ್ಲಿ ಗಾಳಿ ಸುರುಳಿ ಸುತ್ತಿ ಕೆಳಕ್ಕೆ ಒತ್ತುತ್ತದೆ. ಹೋದದ್ದು ಒಮ್ಮೆ, ಸಿಕ್ಕಿಕೊಂಡದ್ದು ಬಳ್ಳಾರಿ ಜಾಲಿಯಲ್ಲಿ. ಬಿಡಿಸಿ ತರುವಾಗ ವಿಮಾನಕ್ಕೆ ಏನೂ ಆಗಿರಲಿಲ್ಲ, ನನ್ನ ಎರಡೂ ಕೈ ರಕ್ತ.

ಆರು ತಿಂಗಳಾಯಿತು. ಮುರಿಯದ ವಿಮಾನ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫೋಮ್ ಪೆಟ್ಟು ನುಂಗುತ್ತದೆ ನಿಜ. ಆದರೆ ನುಂಗಿ ಉಳಿದದ್ದು ಇನ್ನೆಲ್ಲೋ ಹೋಗಬೇಕಲ್ಲ? ಮೊದಲ ತಿಂಗಳೇ ಸರ್ವೋ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಉದುರಿದವು. ಲೋಹದ ಹಲ್ಲಿನವು ಹಾಕಿದೆ. "ಫಲಿತಾಂಶ" ಎರಡು ಸಲ ಕಿತ್ತು ಹೋಯಿತು; ಈಗ ಅಲ್ಲಿ ಬರೀ ಒಂದು ಫೋನ್ ನಂಬರಿನ ಅರ್ಧ ಇದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟಿದ್ದಕ್ಕೆ ಫಿಲಂ ಬೊಕ್ಕೆ ಬೊಕ್ಕೆ ಎದ್ದಿತು, ಮತ್ತೆ ಇಸ್ತ್ರಿ. ರೆಕ್ಕೆ ಮಾತ್ರ ಅದೇ. ಕುಕ್ಕರ್ ಇಡದ ಬೆಳಗ್ಗೆ ಕತ್ತರಿಸಿದ್ದು. ಇನ್ನೊಂದು ಮಾತು. ಮೆತ್ತಗಿದೆ ಎಂದು ಜನರಿರುವ ಕಡೆ ಹಾರಿಸಬೇಡಿ. 600 ಗ್ರಾಂ ತಲೆಗೆ ಬಡಿದರೆ ಫೋಮಿಗೆ ಏನೂ ಆಗುವುದಿಲ್ಲ, ತಲೆಗೆ ಆಗುತ್ತದೆ.

ಒಂದು ದಿನ ಹುಡುಗ ಹೊಸ ಹುಚ್ಚು ಹಚ್ಚಿದ. 1911ರ ಅಕ್ಟೋಬರ್ 24ರಂದು ಆರ್ವಿಲ್ ರೈಟ್ ಅಮೆರಿಕದ ನಾರ್ತ್ ಕೆರೊಲಿನಾದ ಮರಳು ಗುಡ್ಡದ ಎದುರುಗಾಳಿಯಲ್ಲಿ ಮೋಟಾರಿಲ್ಲದ ಗ್ಲೈಡರಿನಲ್ಲಿ ಕೂತು 9 ನಿಮಿಷ 45 ಸೆಕೆಂಡ್ ನಿಂತಿದ್ದ. ಮೋಟಾರ್ ವಿಮಾನ ಹಾರಿಸಿ ಎಂಟು ವರ್ಷವಾದ ಮೇಲೂ ಆ ಪುಣ್ಯಾತ್ಮ ಗ್ಲೈಡರಿಗೆ ವಾಪಸ್ ಬಂದಿದ್ದ ಎನ್ನುವುದೇ ನನಗೆ ಇಷ್ಟವಾದದ್ದು. ಸುಮಾರು ಹತ್ತು ವರ್ಷ ಅದೇ ದಾಖಲೆಯಾಗಿತ್ತಂತೆ. "ಮಾಮ, ನಾವು ಅದನ್ನ ಮುರೀಬೇಕು." ಆರ್ವಿಲ್ ಒಳಗೆ ಕೂತಿದ್ದ, ನಾವು ಕೆಳಗೆ ನಿಂತಿದ್ದೇವೆ, ಎಲ್ಲಿಗೆಲ್ಲಿಯ ಹೋಲಿಕೆ. ಆದರೂ ಗುರಿ ಅಂತ ಒಂದು ಬೇಕಲ್ಲ. ಒಂದು ವಾರ ಗಾಳಿ ಬಿದ್ದುಹೋಯಿತು. ಇನ್ನೊಂದು ವಾರ 9 ನಿಮಿಷ 10 ಸೆಕೆಂಡಿಗೆ ಮಳೆ ಬಂತು.

ಕಳೆದ ಭಾನುವಾರ ಎಲ್ಲ ಕೂಡಿಬಂತು. ಗಾಳಿ ಒಂದೇ ಸಮ, ಆಕಾಶ ಬೂದು, ಮಳೆಯಿಲ್ಲ. ಎಸೆದ ಮೇಲೆ ನಾನು ಮಾತಾಡಲಿಲ್ಲ. ಎಂಟು ಬರೆಯುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಒಂದು ಗರುಡ ಬಂದು ನಮ್ಮದರ ಪಕ್ಕದಲ್ಲೇ ತೇಲತೊಡಗಿತು. ಅದೂ ರೆಕ್ಕೆ ಬಡಿಯಲಿಲ್ಲ. ಎರಡು ಮೂರು ಸುತ್ತು ಜೊತೆಗಿದ್ದು, ನಮ್ಮದು ತಿರುಗುವ ರೀತಿ ಹಿಡಿಸಲಿಲ್ಲವೋ ಏನೋ, ಎತ್ತರಕ್ಕೆ ಹೋಗಿಬಿಟ್ಟಿತು. ಕುತ್ತಿಗೆ ನೋಯಲು ಶುರುವಾಯಿತು. ಸಾಕು ಅನ್ನಿಸಿದಾಗ ಗುಡ್ಡದ ಮುಖಕ್ಕೆ ಸವರಿಕೊಂಡು ತಂದು ಹುಲ್ಲಿನ ಮೇಲೆ ಮಲಗಿಸಿದೆ.

"ಎಷ್ಟಾಯ್ತೋ?" ಅಂದೆ.

ಹುಡುಗ ಮೊಬೈಲ್ ನೋಡಿದ. ಇನ್ನೊಮ್ಮೆ ನೋಡಿದ. "ಮಾಮ... ಸ್ಟಾರ್ಟ್ ಒತ್ತಿಲ್ಲ."

ನಾನು ಏನೋ ಹೇಳಬೇಕು ಎನ್ನುವಷ್ಟರಲ್ಲಿ ಬಂಡೆಯ ಮರೆಯಲ್ಲಿ ಕೂತಿದ್ದ ಅಜ್ಜ ಎರಡು ಬೆರಳೆತ್ತಿ ತೋರಿಸಿದ. "ಎಲ್ಡು ಬೀಡಿ ಆತು ತಮ್ಮಾ. ನೀವು ಒಗದಾಗ ಹಚ್ಚಿದ್ದೆ, ಇಳಸಾಕೂ ಎಲ್ಡನೇದು ಆರಾಕೂ ಸರಿಹೋತು."

"ಒಂದು ಬೀಡಿಗೆ ಎಷ್ಟು ನಿಮಿಷ ಅಜ್ಜಾ?" ಹುಡುಗ ಕೇಳಿದ.

"ಅದನ್ಯಾರು ನೋಡ್ಯಾರೋ" ಎನ್ನುತ್ತ ಅಜ್ಜ ಜೇಬಿಗೆ ಕೈಹಾಕಿ ಇನ್ನೊಂದು ತೆಗೆದ. ಗಾಳಿಗೆ ಬೆನ್ನು ಮಾಡಿ, ಟವೆಲ್ ಮರೆ ಹಿಡಿದು ಕಡ್ಡಿ ಗೀರಿದ. ಈ ಸಲ ಸ್ಟಾರ್ಟ್ ನಾನೇ ಒತ್ತಿದೆ.